ಕರಡಿ ನೋಡಲು ಹೊರಟ ದನದ ಆಸ್ಪತ್ರೆ

ದನದ ಆಸ್ಪತ್ರೆಯಲ್ಲಿ ಕೆಲಸಕ್ಕಿರುವವನು ನಗೆ ಹುಡುಕಿಕೊಂಡು ಹೋಗಬೇಕಿಲ್ಲ. ದಿನಕ್ಕೊಂದಾದರೂ ಮೂಗುದಾರ ಹಾಕಿಸಿಕೊಂಡು ತಾನಾಗಿಯೇ ಗೇಟಿನೊಳಗೆ ಬರುತ್ತದೆ. ಚಳ್ಳಕೆರೆಯಲ್ಲಿ ಕಾಂಪೌಂಡರ್ ಆಗಿ ಇಪ್ಪತ್ತಾರು ವರ್ಷ ಕಳೆದ ನಾನು, ಒಂದೇ ಒಂದು ಭಾನುವಾರ ಆಸ್ಪತ್ರೆ ಬಿಟ್ಟು ಕಾಡುಪ್ರಾಣಿ ನೋಡಲು ಹೋದೆ. ನಗೆ ಅವತ್ತೂ ನಮ್ಮನ್ನು ಬಿಡಲಿಲ್ಲ.

ಕೂದಲಿನ ಬೇಡಿಕೆ

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಡಾಕ್ಟ್ರು ಮೈಸೂರು ಕಡೆಯವರು, ಆಗಷ್ಟೇ ಓದು ಮುಗಿಸಿ ಬಂದಿದ್ದವರು. ಬಳ್ಳಾರಿ ಆಚೆಗೆ ಒಂದು ಕರಡಿಧಾಮ ಆಗಿದೆ, ಸಂಜೆ ಹೊತ್ತು ಕರಡಿಗಳು ಬಂಡೆ ಇಳಿದು ಬರುತ್ತವೆ ಅಂತ ಪೇಪರಿನಲ್ಲಿ ಓದಿದವರು ಆ ತುಂಡನ್ನು ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ಹೊರಡಲು ನಾಲ್ಕು ಭಾನುವಾರ ಗೊತ್ತುಮಾಡಿದೆವು. ಒಂದು ಭಾನುವಾರ ಎಮ್ಮೆ ಹೆರಿಗೆ, ಒಂದು ಭಾನುವಾರ ಎಳೆ ಜೋಳ ಮೇದು ವಿಷವೇರಿದ ಕುರಿಗಳು, ಹೀಗೆ ನಾಲ್ಕೂ ಹೋದವು. ಅಷ್ಟರಲ್ಲಿ ಡಾಕ್ಟ್ರಿಗೆ ಕರಾವಳಿಗೆ ವರ್ಗದ ಆರ್ಡರ್ ಬಂತು. ಉಳಿದದ್ದು ಒಂದೇ ಭಾನುವಾರ. ಆ ವಾರವೆಲ್ಲ ಅವರು ಹಸುವಿನ ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟುಕೊಂಡೇ ಬೈನಾಕ್ಯುಲರ್ ಎಲ್ಲಿ ಸಿಗುತ್ತೆ ಅಂತ ನನ್ನನ್ನು ಕೇಳುತ್ತಿದ್ದರು.

ಊರಲ್ಲಿ ಸುದ್ದಿ ಬೇರೆಯೇ ಆಗಿ ಹಬ್ಬಿತು. ದನದ ಡಾಕ್ಟ್ರು ಕರಡಿಗೆ ಇಂಜೆಕ್ಷನ್ ಮಾಡಕ್ಕೆ ಹೊಂಟವ್ರೆ ಅಂತ. ಶನಿವಾರ ಒಬ್ಬ ಅಜ್ಜಿ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಮಗು ನಿದ್ದೆಯಲ್ಲಿ ಬೆಚ್ಚಿ ಬೀಳುತ್ತದೆ, ತಾಯತಕ್ಕೆ ನಾಲ್ಕು ಕರಡಿ ಕೂದಲು ತಂದುಕೊಡಬೇಕಂತೆ. ಡಾಕ್ಟ್ರು ಅವಳನ್ನು ಕೂರಿಸಿ, ಕಾಡುಪ್ರಾಣಿಯ ಕೂದಲು ಕೀಳುವುದು ಅಪರಾಧ, ಜೈಲಾಗುತ್ತದೆ ಅಂತ ತಿಳಿಸಿ ಹೇಳಿದರು. ಅಜ್ಜಿ ಎಲ್ಲ ಕೇಳಿಸಿಕೊಂಡು ತಲೆ ಆಡಿಸಿದಳು.

"ಕೀಳಬ್ಯಾಡ್ರಿ ಸಾರ್. ಇಂಜೆಕ್ಷನ್ ಮಾಡೋ ಮುಂಚೆ ಹೆಂಗೂ ಅಷ್ಟಗಲ ಬೋಳಿಸ್ತೀರಲ್ಲ, ಅದನ್ನ ಕಸಕ್ಕೆ ಹಾಕೋ ಬದ್ಲು ನಂಗೆ ಕೊಡ್ರಿ."

ಕೆಂಪು ಸೀರೆ

ಹೊರಟವರು ನಾಲ್ಕು ಜನ. ಡಾಕ್ಟ್ರು, ನಾನು, ವ್ಯಾನಿನ ಡ್ರೈವರ್ ಸಾಬ್ರು, ಮತ್ತೆ ನಮ್ಮವ್ವ. ಸಾಬ್ರಿಗೆ ಸ್ವಂತ ಗ್ಯಾರೇಜಿತ್ತು. ವ್ಯಾನೂ ಅವರದೇ, ಅದರ ಹೊಟ್ಟೆಯೊಳಗಿನ ಪ್ರತಿಯೊಂದು ನಟ್ಟೂ ಅವರಿಗೆ ಪರಿಚಯ. ಅವ್ವ ನನ್ನಿವಾಳ ಹಳ್ಳಿಯವಳು, ಹುಟ್ಟಿದಾಗಿನಿಂದ ಕುರಿ ಕಾದವಳು. ನೀನ್ಯಾಕೆ ಬರ್ತೀಯಾ ಅಂದರೆ, ಎಪ್ಪತ್ತು ವರ್ಷ ನಾನು ಮೇಯಿಸಿದ ಪ್ರಾಣಿ ನೋಡಿದ್ದಾಯ್ತು, ತಾನೇ ಮೇಯೋ ಪ್ರಾಣಿ ಒಂದ್ಸಲ ನೋಡ್ಬೇಕು ಅಂದಳು. 

ಡಾಕ್ಟ್ರು ಮೊದಲೇ ನಿಯಮಗಳನ್ನು ಟೈಪು ಮಾಡಿಸಿ ಹಂಚಿದ್ದರು. ಮಾತಾಡಬಾರದು, ಹೂವು ಮುಡಿಯಬಾರದು, ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಕೂಡದು. ಅವರು ಮಾತ್ರ ಅಡಿಯಿಂದ ಮುಡಿವರೆಗೆ ಖಾಕಿ ತೊಟ್ಟು, ತಲೆಗೊಂದು ಟೋಪಿ ಇಟ್ಟು ಬೆಳಗಿನ ಐದಕ್ಕೇ ನಮ್ಮ ಮನೆ ಮುಂದೆ ಬಂದು ನಿಂತಿದ್ದರು. ಅವ್ವ ಬಾಗಿಲು ತೆಗೆದಳು. ಮೊಳಕಾಲ್ಮೂರು ರೇಷ್ಮೆ, ಬೆಂಕಿಯಂಥ ಕೆಂಪು, ಅಂಗೈ ಅಗಲದ ಅಂಚು. ಡಾಕ್ಟ್ರ ಮುಖ ಇಳಿದುಹೋಯಿತು. ಇದನ್ನ ನೋಡಿದ್ರೆ ಪ್ರಾಣಿಗಳು ಮೂರು ಮೈಲಿ ಓಡುತ್ವೆ, ಬೇರೆ ಉಟ್ಕೊಂಡು ಬನ್ನಿ ಅಂತ ಬೇಡಿಕೊಂಡರು.

"ಯಾರ ಮನೆಗಾದ್ರೂ ಮೊದಲ ಸಲ ಹೋಗುವಾಗ ಹಳೇ ಸೀರೆ ಉಟ್ಕೊಂಡು ಹೋಗ್ತಾರೇನಪ್ಪ ಡಾಕ್ಟ್ರಪ್ಪ?" ಅಂತ ಕೇಳಿ ಅವ್ವ ಮುಂದಿನ ಸೀಟಿನಲ್ಲಿ ಹೋಗಿ ಕೂತಳು.

ಹಳೇ ಪರಿಚಯ

ಕರಡಿಗಳು ಬರುವುದು ಸಂಜೆ. ಅದಕ್ಕೇ ಬೆಳಗ್ಗೆ ಉಳ್ಳಾರ್ತಿ ಕಾವಲು ಅನ್ನುವ ಹುಲ್ಲುಗಾವಲಿನ ಕಡೆ ವ್ಯಾನು ತಿರುಗಿಸಿದೆವು. ಹೊತ್ತು ಹುಟ್ಟುತ್ತಿತ್ತು. ಮೊಣಕಾಲುದ್ದದ ಹುಲ್ಲು, ಗಾಳಿ ಬೀಸಿದ ಕಡೆಗೆಲ್ಲ ಹೊಳೆಯುತ್ತಿತ್ತು. ಕೃಷ್ಣಮೃಗಗಳ ಹಿಂಡೊಂದು ಎದ್ದು ಹಾರಿದಾಗ ಡಾಕ್ಟ್ರು ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಐದೂ ಬೆರಳಿನ ಗುರುತು ಸೋಮವಾರದವರೆಗೂ ಇತ್ತು.

ಆಮೇಲೆ ದೂರದ ದಿಬ್ಬದ ಮೇಲೆ ಒಂದು ಕಂದು ಪ್ರಾಣಿ ಬಂದು ನಿಂತಿತು. ಡಾಕ್ಟ್ರು ಬೈನಾಕ್ಯುಲರ್ ಹಾಕಿ ನೋಡಿ, ಬೀದಿ ನಾಯಿ ಅಂತ ಕೆಳಗಿಳಿಸಿದರು. ಅವ್ವ ಬರಿಗಣ್ಣಲ್ಲಿ ನೋಡಿ ತೋಳ ಅಂದಳು. ಡಾಕ್ಟ್ರು ಮತ್ತೆ ನೋಡಿದರು. ಅದು ಬಾಲ ಜೋತುಬಿಟ್ಟು ನಮ್ಮನ್ನೇ ದಿಟ್ಟಿಸುತ್ತಿತ್ತು. ತೋಳವೇ. ಡಾಕ್ಟ್ರು ಬೈನಾಕ್ಯುಲರ್ ಇಳಿಸದೆಯೇ, ಎಂಥಾ ಚೆಂದ, ಎಂಥಾ ಗಾಂಭೀರ್ಯ ಅಂತ ಪಿಸುಗುಟ್ಟಿದರು.

"ಚೆಂದಾನಾ?" ಅಂದಳು ಅವ್ವ. "ಇದರ ಮುತ್ತಜ್ಜ ನನ್ನ ಹನ್ನೊಂದು ಕುರಿ ತಿಂದವ್ನೆ."

ಅದು ಇದೇ ವಂಶ ಅಂತ ಹೆಂಗೆ ಹೇಳ್ತೀರಿ ಅಂತ ಡಾಕ್ಟ್ರು ನಿಜವಾದ ಕುತೂಹಲದಿಂದ ಕೇಳಿದರು.

"ಮುಖ ಹಂಗೇ ಐತೆ."

ಕಲ್ಲಿನ ಮಾತು

ಅಲ್ಲಿಂದ ಸಿದ್ದಾಪುರಕ್ಕೆ ಹೋಗಿ ಬ್ರಹ್ಮಗಿರಿಯ ಅಶೋಕನ ಶಾಸನ ನೋಡಿದೆವು. ಅದರಲ್ಲಿ ಏನು ಬರೆದೈತೆ ಅಂತ ಸಾಬ್ರು ಕೇಳಿದರು. ತಂದೆತಾಯಿ ಮಾತು ಕೇಳಬೇಕು, ಪ್ರಾಣಿಗಳಿಗೆ ದಯೆ ತೋರಿಸಬೇಕು, ಸತ್ಯ ಹೇಳಬೇಕು ಅಂತ ಡಾಕ್ಟ್ರು ವಿವರಿಸಿದರು. ಅವ್ವ ಬಂಡೆಗೆ ಕೈ ಮುಗಿದಳು. ಆಮೇಲೆ ನನ್ನ ಕಡೆ ತಿರುಗಿ, ಕೇಳಿಸ್ಕೊಂಡ್ಯಾ, ಮೊದಲನೇದು ಏನೈತೆ ಅಂತ ಅಂದಳು. ನಾನು, ಎರಡನೇದನ್ನ ದಿನಾ ಆಸ್ಪತ್ರೇಲಿ ಮಾಡ್ತೀನಲ್ಲವ್ವ ಅಂದೆ.

"ಹಂಗಾದ್ರೆ ಇನ್ನುಳಿದದ್ದು ಮೂರನೇದು. ಸತ್ಯ ಹೇಳು, ಮೊದಲನೇದನ್ನ ಯಾವತ್ತಾದ್ರೂ ಮಾಡೀಯಾ?"

ಖಾಕಿಯ ಪ್ರಭಾವ

ಮೊಳಕಾಲ್ಮೂರು ದಾಟಿ ರಾಂಪುರದ ಕಡೆ ಹೋಗುವಾಗ ಎದುರಿಗೆ ಒಬ್ಬ ಸೈಕಲ್ ಮೇಲೆ ಸೌದೆ ಹೊರೆ ಹೇರಿಕೊಂಡು ಬರುತ್ತಿದ್ದ. ದಾರಿ ಕೇಳೋಣ ಅಂತ ಡಾಕ್ಟ್ರು ಇಳಿದರು. ಖಾಕಿ, ಟೋಪಿ, ಕೊರಳಲ್ಲಿ ಬೈನಾಕ್ಯುಲರ್. ಅವನು ಸೈಕಲ್ಲು, ಸೌದೆ, ಒಂದು ಚಪ್ಪಲಿ ಎಲ್ಲ ಅಲ್ಲೇ ಬಿಟ್ಟು ಬಂಡೆ ಹಿಂದೆ ಓಡಿಹೋದ. ನಾವು ಫಾರೆಸ್ಟಿನವರಲ್ಲ ಅಂತ ಎಷ್ಟು ಕೂಗಿದರೂ ಆಚೆ ಬರಲೊಲ್ಲ. ಕೊನೆಗೆ ನಾನು, ಇವ್ರು ಚಳ್ಳಕೆರೆ ದನದ ಡಾಕ್ಟ್ರು ಕಣಯ್ಯ ಅಂತ ಕೂಗಿದೆ. ಬಂಡೆ ಮೇಲೆ ತಲೆ ಕಾಣಿಸಿತು.

ಬಂದವನೇ ಡಾಕ್ಟ್ರ ಕೈ ಹಿಡಿದುಕೊಂಡ. ಮಾ ಆವು, ನಮ್ಮ ಹಸ ಸಾರ್, ಬೆಳಿಗ್ಗೆಯಿಂದ ಹೊಟ್ಟೆ ಉಬ್ಬರಿಸಿಕೊಂಡು ಮಲಗೈತೆ ಅಂತ ತೆಲುಗು ಕನ್ನಡ ಎರಡೂ ಬೆರೆಸಿ ಅಂಗಲಾಚಿದ. ಕರಡಿಧಾಮದ ಗೇಟಿನೊಳಗೆ ನಾಲ್ಕರ ಮೇಲೆ ಯಾರನ್ನೂ ಬಿಡುವುದಿಲ್ಲ. ಆಗಲೇ ಹನ್ನೆರಡು ದಾಟಿತ್ತು. ಡಾಕ್ಟ್ರು ಗಡಿಯಾರ ನೋಡಿದರು, ಅವನ ಮುಖ ನೋಡಿದರು, ಒಂದು ಉಸಿರು ಬಿಟ್ಟು ನಡಿಯಪ್ಪ ಅಂದರು. ಹಳ್ಳಿಗೆ ಹೋಗಿ, ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸಿ, ಹೊಟ್ಟೆ ತಿಕ್ಕಿ, ಹಸು ಎದ್ದು ನಿಲ್ಲುವಷ್ಟರಲ್ಲಿ ಒಂದೂವರೆ ಗಂಟೆ ಕಳೆಯಿತು. ಖಾಕಿ ಶರ್ಟಿನ ಬಣ್ಣ ಯಾವುದು ಅಂತ ಹೇಳುವಂತಿರಲಿಲ್ಲ. ಅವನು ಕೈಮುಗಿದು ನಮ್ಮನ್ನು ವ್ಯಾನು ಹತ್ತಿಸಿದ.

"ತಪ್ಪು ತಿಳೀಬ್ಯಾಡ್ರಿ ಸಾರ್, ಫಾರೆಸ್ಟ್ ಸಾಹೇಬ್ರು ಅಂತ ಓಡಿಬಿಟ್ಟೆ. ನೀವು ಬರೋದು ಮೊದಲೇ ಗೊತ್ತಿದ್ರೆ ನಮ್ಮ ಭಾವನ ಎಮ್ಮೇನೂ ರೋಡಿಗೇ ಹೊಡ್ಕೊಂಡು ಬರ್ತಿದ್ದೆ."

ಪಾನಾ ಕೇಳಿದ ಪ್ರಸಂಗ

ಸಾಬ್ರು ಆಮೇಲೆ ಹೊಡೆದ ಸ್ಪೀಡಿಗೆ ಅವ್ವ ಕಣ್ಣು ಮುಚ್ಚಿಕೊಂಡು ಎಲ್ಲ ದೇವರ ಹೆಸರನ್ನೂ ಒಂದು ಸುತ್ತು ಮುಗಿಸಿದಳು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಗೇಟು ದಾಟಿದೆವು. ಗುಡ್ಡದ ಮೇಲೆ ನೋಡುವುದಕ್ಕೆ ಒಂದು ಕಟ್ಟೆ, ಕೆಳಗೆ ವ್ಯಾನು ನಿಲ್ಲಿಸಲು ಜಾಗ. ಸಾಬ್ರು ಮೇಲೆ ಬರಲು ಸುತರಾಂ ಒಪ್ಪಲಿಲ್ಲ. ಕರಡಿ ಅಂದರೆ ಅವರಿಗೆ ಮೊದಲಿಂದಲೂ ಜೀವಭಯ. ಸೈಲೆನ್ಸರ್ ಸಡಿಲ ಆಗೈತೆ, ನಾನು ಪಾನಾ ಹಾಕಿ ಅದನ್ನ ಬಿಗೀತೀನಿ, ನೀವು ನೋಡ್ಕೊಂಡು ಬನ್ನಿ ಅಂದರು.

ಮೇಲೆ ಹೋಗಿ ಕೂತೆವು. ಅರ್ಧ ಗಂಟೆ ನವಿಲಿನ ಕೂಗು ಬಿಟ್ಟರೆ ಏನೂ ಇಲ್ಲ. ಡಾಕ್ಟ್ರು ಉಗುರು ಕಚ್ಚುತ್ತಿದ್ದರು. ಆಗ ಎದುರು ಬಂಡೆಯ ಸಂದಿಯಿಂದ ಕಪ್ಪಗೆ ಏನೋ ಒಂದು ಮೂಡಿತು. ತಾಯಿ ಕರಡಿ, ಬೆನ್ನ ಮೇಲೆ ಮರಿ ಕೂತಿತ್ತು. ಮರಿ ಕೂದಲನ್ನು ಎರಡೂ ಕೈಯಲ್ಲಿ ಹಿಡಿದು, ಸಂತೆಗೆ ಹೊರಟ ಕೂಸಿನಂತೆ ಅತ್ತಿತ್ತ ನೋಡುತ್ತಿತ್ತು. ಡಾಕ್ಟ್ರು ಫೋಟೋ ತೆಗೆಯುವುದನ್ನೇ ಮರೆತರು. ಕಣ್ಣು ಒರೆಸಿಕೊಂಡು ಬೈನಾಕ್ಯುಲರನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಇಪ್ಪತ್ತು ನಿಮಿಷ ಅದನ್ನು ಯಾರಿಗೂ ವಾಪಸ್ಸು ಕೊಡಲಿಲ್ಲ.

ಇಳಿದು ಬಂದರೆ ಸಾಬ್ರು ಮುಖ ಗಂಟಿಕ್ಕಿಕೊಂಡು ವ್ಯಾನಿಗೆ ಒರಗಿ ನಿಂತಿದ್ದರು. ಏನಾಯ್ತು ಅಂದೆ. ನನ್ನ ಮೇಲೇ ಸಿಟ್ಟು. ವ್ಯಾನಿನ ಕೆಳಗೆ ಮಲಗಿ ಬೋಲ್ಟು ಹಿಡಿದಿದ್ದೆ, ನೀವು ಬಂದಿದ್ದು ಗೊತ್ತಾಯ್ತು, ಪಾನಾ ಕೊಡಿ ಅಂದೆ, ಕೊಡಲಿಲ್ಲ, ಬರೀ ಬುಸ್ ಬುಸ್ ಅಂತ ಉಸಿರು ಬಿಟ್ಕೊಂಡು ಕಾಲು ಮೂಸಿ ತಮಾಷೆ ಮಾಡಿದ್ರಿ, ಆಮೇಲೆ ನನ್ನ ಬಾಳೆಹಣ್ಣಿನ ಚೀಲಾನೂ ಎತ್ಕೊಂಡು ಹೋದ್ರಿ ಅಂದರು.

ನಾನು ಮೇಲಿಂದ ಕದಲಿರಲೇ ಇಲ್ಲ. ನಮ್ಮ ಜೊತೆ ಇಳಿದು ಬಂದ ಫಾರೆಸ್ಟ್ ವಾಚರ್ ಬಗ್ಗಿ ನೋಡಿ ನೆಲ ತೋರಿಸಿದ. ಸಾಬ್ರ ಕಾಲಿದ್ದ ಜಾಗದಿಂದ ಒಂದು ಗೇಣು ದೂರದಲ್ಲಿ, ಉಗುರುಗಳ ಸಮೇತ ದೊಡ್ಡ ಹೆಜ್ಜೆ. ಹೆಜ್ಜೆಗಳ ಸಾಲು ಪೊದೆಯವರೆಗೆ ಹೋಗಿತ್ತು. ಪೊದೆಯ ಹತ್ತಿರ ಬಾಳೆಹಣ್ಣಿನ ಚೀಲ ಖಾಲಿಯಾಗಿ ಬಿದ್ದಿತ್ತು.

ಸಾಬ್ರು ನಿಂತಲ್ಲೇ ಕೂತರು. ನೀರು ಕುಡಿಸಿ ಎಬ್ಬಿಸಿದೆವು. ಬಳ್ಳಾರಿ ದಾಟಿದೆವು. ಆಗ ಸಾಬ್ರು ಸ್ಟೀರಿಂಗ್ ಹಿಡಿದೇ ಮೆಲ್ಲಗೆ ಕೇಳಿದರು.

"ಡಾಕ್ಟರ್ ಸಾಬ್, ಪಾನಾ ಕೊಡ್ಲಿಲ್ಲ ಅಂತ ನಾನು ಅದಕ್ಕೆ ಗಧಾ ಅಂತ ಬೈದ್ಬಿಟ್ಟೆ. ಜಾನ್ವರ್‌ಗೆ ಬೇಜಾರಾಗಿರ್ತೈತಾ?"

ಡಾಕ್ಟ್ರು ಉತ್ತರ ಹೇಳಲು ಬಾಯಿ ತೆಗೆದರು. ಅಷ್ಟರಲ್ಲಿ ಅವ್ವ ಸಾಬ್ರನ್ನು ಸಮಾಧಾನ ಮಾಡಿದಳು.

"ಕತ್ತೆ ಅಂದಿದ್ದಕ್ಕೆ ಏನೂ ಅಂದ್ಕೊಳ್ಳಲ್ಲ ಬಿಡ್ರಿ ಸಾಬ್ರೇ. ಅದನ್ನ ನನ್ನ ಮಗ ಅಂತ ತಿಳ್ಕೊಂಡ್ರಲ್ಲ, ಅದಕ್ಕೆ ಬೇಜಾರಾಗಿರ್ತೈತೆ."