ಆರ್ವಿಲನ ಕತ್ತೂ ಅಪ್ಪ ಮಾಡಿದ ಮೇಜೂ

ಪಕ್ಕದ ಮನೆಯ ಗ್ಲೆಂಡಾ ತನ್ನ ಪತ್ರಿಕೆ ಕದಿಯುತ್ತಾಳೆಂದು ಆರ್ವಿಲ್ ಸ್ಟೆಗಲ್‌ಗೆ ಎರಡು ತಿಂಗಳಿಂದ ಗುಮಾನಿ. ಆ ಶನಿವಾರ ಬೆಳಿಗ್ಗೆ ಅವನು ಅಡಿಗೆಮನೆಯ ಕಿಟಕಿಗೆ ಬೆನ್ನು ಕೊಟ್ಟು, ಏನೂ ನೋಡುತ್ತಿಲ್ಲವೆಂಬಂತೆ ಕಾಫಿ ಹೀರುತ್ತಾ, ಕತ್ತನ್ನು ಎಡಭುಜದ ಮೇಲಿಂದ ಹೊರಳುವಷ್ಟು ಹೊರಳಿಸಿ ಅವಳ ಅಂಗಳ ನೋಡುತ್ತಿದ್ದಾಗ ಸೀನು ಬಂತು. ಸೀನು ಹೋಯಿತು. ಕತ್ತು ಮಾತ್ರ ಅಲ್ಲೇ ನಿಂತಿತು.

"ನೆಟ್ಟಗೆ ನೋಡು," ಎಂದಳು ಹೆಂಡತಿ ನೋರೀನ್.

"ಆಗ್ತಿಲ್ಲ ಕಣೇ."

"ಯಾರನ್ನ ನೋಡ್ತಿದ್ದೆ?"

"ಯಾರನ್ನೂ ಇಲ್ಲ."

"ನೀನು ಸುಳ್ಳು ಹೇಳಿದ್ರೂ ನಿನ್ನ ಕತ್ತು ನಿಜ ಹೇಳ್ತಿದೆ ನೋಡು!"

ಕತ್ತು ಬಲಕ್ಕೆ ಬರದು, ಮೇಲೆ ಹೋಗದು, ಕೆಳಗೆ ಇಳಿಯದು. ಬೇರೆ ದಿನವಾಗಿದ್ದರೆ ಆರ್ವಿಲ್ ಹಾಸಿಗೆ ಹಿಡಿದು ಊರನ್ನೆಲ್ಲ ಬೈಯುತ್ತಾ ಮಲಗಿರುತ್ತಿದ್ದ. ಆದರೆ ಅಂದು ಮಧ್ಯಾಹ್ನ ಒಂದಕ್ಕೆ ಡಾಕ್ಟರ್ ಥರ್ಲೋ ಅವರ ಸಾಮಾನುಗಳ ಹರಾಜು. ನಲವತ್ತೆಂಟು ವರ್ಷ ಪಿನ್‌ಓಕ್ ಊರಿನ ನಾಡಿ ಹಿಡಿದ ಡಾಕ್ಟರು ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅವರು ರೋಗಿಗಳನ್ನು ಮಲಗಿಸಿ ನೋಡುತ್ತಿದ್ದ ಅಕ್ರೋಟು ಮರದ ಮೇಜು ಆರ್ವಿಲನ ಅಪ್ಪ ಕೈಯಾರೆ ಮಾಡಿದ್ದು. ಅಪ್ಪನ ಕೈಕೆಲಸ ಅಂತ ಭೂಮಿಯ ಮೇಲೆ ಉಳಿದಿದ್ದು ಅದೊಂದೇ. ಅದಕ್ಕೆಂದೇ ಮುನ್ನೂರು ಡಾಲರ್ ಅವನ ಜೇಬಿನಲ್ಲಿ ಬೆಚ್ಚಗಿತ್ತು.

ಮಿಸೌರಿಯ ಹರಾಜಿನಲ್ಲಿ ಬುದ್ಧಿವಂತ ಬಾಯಿ ಬಿಡುವುದಿಲ್ಲ. ಬಿಟ್ಟರೆ ಆಸೆ ಗೊತ್ತಾಗುತ್ತದೆ, ಬೆಲೆ ಏರುತ್ತದೆ. ಹರಾಜು ನಡೆಸುವವನತ್ತ ಒಂದು ಸಲ ತಲೆಯಾಡಿಸಿದರೆ ಬೆಲೆ ಕೂಗಿದಂತೆಯೇ. ಆರ್ವಿಲನ ಹತ್ತಿರ ಇವತ್ತು ಇಲ್ಲದ್ದು ಅದೊಂದೇ.

"ನಾನೇ ಕೂಗ್ಲಾ?" ಎಂದಳು ನೋರೀನ್.

"ಬೇಡ. ನೀನು ಬೆಲೆನ ಮುಖದ ಮೇಲೇ ಬರ್ಕೊಂಡು ನಿಲ್ತೀಯ."

"ಹಾಗಾದ್ರೆ ಹೊಸ ಡಾಕ್ಟ್ರಮ್ಮನ ಹತ್ರ ಹೋಗು."

ಅಲ್ಲಿಗೇ ಬಂತು ತೊಡಕು. ಥರ್ಲೋ ಅವರ ಜಾಗಕ್ಕೆ ಬಂದ ಮರಿಸಾ ಕ್ವಾಲ್ಸ್ ಎಂಬಾಕೆಯ ಹೆಸರಿನ ಮುಂದೆ ಎಂ.ಡಿ. ಇರಲಿಲ್ಲ, ಡಿ.ಓ. ಎಂದಿತ್ತು, ಅಂದರೆ ಆಸ್ಟಿಯೋಪತಿಯ ಪದವಿ. ಮೂರು ತಿಂಗಳಿಂದ ಆರ್ವಿಲ್ ಆ ಬೋರ್ಡನ್ನು ರಸ್ತೆಯ ಎದುರು ಬದಿಯಿಂದಲೇ ಓದಿ ಮುಂದೆ ಹೋಗುತ್ತಿದ್ದ.

ಸಲಹೆ ಕೇಳಲು ಮೊದಲು ಕಾಫಿ ಅಂಗಡಿಗೆ ಹೋದ. ದನದ ಮೇವು ಮಾರುವ ಡ್ವೇನ್ ಅಲ್ಲಿ ಸಿದ್ಧವಾಗಿದ್ದ. ವಿಷಯ ಗೊತ್ತಿಲ್ಲದಿದ್ದಷ್ಟೂ ಅವನ ದನಿ ಗಟ್ಟಿಯಾಗುತ್ತಿತ್ತು.

"ಡಿ.ಓ. ಅಂದ್ರೆ ಅರ್ಧ ಡಾಕ್ಟ್ರು ಕಣಯ್ಯಾ! ಎಂ.ಡಿ. ಓದಕ್ಕೆ ಆಗ್ದೇ ಇದ್ದೋರು ಮೂಳೆ ತಿರುಚೋದು ಕಲೀತಾರೆ. ಔಷಧಿ ಬರ್ಯೋ ಹಾಗಿಲ್ಲ, ಕೊಯ್ಯೋ ಹಾಗಿಲ್ಲ. ಕೋಳಿ ಕತ್ತು ತಿರುವಿದ ಹಾಗೆ ಲಟಕ್ ಅನ್ನಿಸ್ತಾರೆ, ಅಷ್ಟೇ."

"ಆಮೇಲೆ?"

"ಆಮೇಲೆ ಕೋಳಿ ಏನಾಗುತ್ತೆ, ನೀನೇ ಹೇಳು. ನಮ್ಮ ಥರ್ಲೋ ಇದ್ದಿದ್ರೆ! ಅವ್ರು ನಿಜವಾದ ಡಾಕ್ಟ್ರು."

ಅಂಗಡಿಯಲ್ಲಿದ್ದವರೆಲ್ಲ ತಲೆದೂಗಿದರು. ಆರ್ವಿಲ್‌ಗೆ ಹೊಟ್ಟೆಕಿಚ್ಚಾಯಿತು. ಎಷ್ಟು ಸಲೀಸಾಗಿ ತೂಗುತ್ತಾರೆ!

ಆದರೆ ಆಗಲೇ ಹನ್ನೊಂದಾಗಿತ್ತು. ಎಂ.ಡಿ. ಇರುವ ಊರು ಐವತ್ತು ಮೈಲಿ ಆಚೆ. ಎಡಕ್ಕೆ ಮಾತ್ರ ನೋಡಬಲ್ಲವನು ಕಾರು ಹತ್ತಿದರೆ ಮೊದಲು ಸಿಗುವುದು ಜೋಳದ ಹೊಲ. ಆರ್ವಿಲ್ ಕ್ಲಿನಿಕ್ಕಿಗೆ ಏಡಿಯಂತೆ ಅಡ್ಡಡ್ಡ ನಡೆದುಕೊಂಡು ಹೋದ. ಒಳಗೆ ಹೋದವನು ತನ್ನ ತೊಂದರೆ ಹೇಳುವ ಬದಲು ವಿಚಾರಣೆಗೇ ಇಳಿದ.

"ನೀವು ಔಷಧಿ ಬರೀಬಹುದಾ?"

"ಬರೀತೀನಿ."

"ಆಪರೇಷನ್?"

"ನಮ್ಮಲ್ಲಿ ಅದನ್ನ ಕಲಿತೋರು ಮಾಡ್ತಾರೆ. ಎಂ.ಡಿ.ಗಳಲ್ಲೂ ಹಾಗೇ ಅಲ್ವಾ? ಅವ್ರು ಓದೋ ನಾಲ್ಕು ವರ್ಷ ನಾವೂ ಓದ್ತೀವಿ, ಆಮೇಲೆ ಅವ್ರ ಜೊತೆಗೇ ಆಸ್ಪತ್ರೇಲಿ ತರಬೇತಿ ತಗೋತೀವಿ. ಮೂಳೆ, ಸ್ನಾಯುನ ಕೈಯಿಂದ ನೋಡಿ ಸರಿಮಾಡೋದು ನಮಗೆ ಹೆಚ್ಚಿನ ಪಾಠ."

'ಹೆಚ್ಚಿನ' ಎಂದಾಕ್ಷಣ ಆರ್ವಿಲನ ಗುಮಾನಿ ಎದ್ದು ಕೂತಿತು. ಹೆಚ್ಚಿಗೆ ಕೊಡುವವರು ಮೊದಲೇ ಎಲ್ಲೋ ಕಡಿಮೆ ತೂಗಿರುತ್ತಾರೆಂಬುದು ಅವನ ಜೀವನಾನುಭವ.

ಆಕೆ ಅವನ ಕೈಕಾಲಿನ ಬಲ ನೋಡಿದಳು, ಸುತ್ತಿಗೆಯಿಂದ ಮೊಣಕಾಲು ತಟ್ಟಿದಳು. "ಸ್ನಾಯು ಹಿಡ್ಕೊಂಡಿದೆ ಅಷ್ಟೇ. ಮಾತ್ರೆ ಕೊಟ್ರೆ ನಾಳೆ ಹೊತ್ತಿಗೆ ಸಡಿಲ ಆಗುತ್ತೆ, ಆದ್ರೆ ನಿದ್ದೆ ಬರುತ್ತೆ. ಕೈಯಲ್ಲಿ ಮಾಡಿದ್ರೆ ಹತ್ತು ನಿಮಿಷ. ಲಟಕ್ ಅನ್ನಿಸಲ್ಲ."

"ಬೇಡಿ, ತಾಯಿ! ಕತ್ತಿಗೆ ಕೈ ಹಾಕೋದು ಡಾಕ್ಟ್ರ ಕೆಲಸ ಅಲ್ಲ. ಥರ್ಲೋ ಎಂದಾದ್ರೂ ಹಾಗೆ ಮಾಡಿದ್ರಾ? ನಾನು ಹೋದ್ರೆ ನನ್ನ ತಲೇನ ಎರಡೂ ಕೈಯಲ್ಲಿ ಹಿಡ್ಕೊಂಡು, ಜೋಳದ ಬೆಳೆ ಹೇಗಿದೆ, ನೋರೀನ್ ಹೇಗಿದಾಳೆ ಅಂತ ಹತ್ತು ನಿಮಿಷ ಮಾತಾಡ್ಸೋರು. ನೋವು ಅಲ್ಲೇ ಅರ್ಧ ಹೋಗೋದು. ಅದು ಪ್ರೀತಿ ಕಣ್ರೀ!"

ಆಕೆ ಒಂದು ಕ್ಷಣ ಅವನನ್ನೇ ನೋಡಿದಳು. ತುಟಿಯ ತುದಿ ಅಲುಗಿತು. "ಹೌದು, ಪ್ರೀತಿನೇ ಇರಬೇಕು," ಎಂದಳು.

ಒಂದು ಗಂಟೆಗೆ ಥರ್ಲೋ ಅವರ ಅಂಗಳದಲ್ಲಿ ಊರೇ ನೆರೆದಿತ್ತು. ನೋರೀನ್ ಚರ್ಚಿನ ಹೆಂಗಸರ ಜೊತೆ ಸೇಬಿನ ಪೈ ಮಾರುತ್ತಿದ್ದಳು. ಕೊಳ್ಳುವವರಿಗೆ ಕೊಡುವ ಹದಿನೇಳನೇ ನಂಬರಿನ ಚೀಟಿಯನ್ನು ಟೋಪಿಗೆ ಸಿಕ್ಕಿಸಿಕೊಂಡ ಆರ್ವಿಲ್, ಹರಾಜು ನಡೆಸುವ ಕರ್ನಲ್ ಬಾಸ್ಕಮ್‌ನಿಗೆ ಎಡಭುಜ ತೋರಿಸಿ ಹಿಂದುಗಡೆಯ ಮೇಪಲ್ ಮರದ ಕೆಳಗೆ ನಿಂತ. ಆ ಕಡೆ ಹರಾಜು ನಡೆಸುವವರನ್ನೆಲ್ಲ ಕರ್ನಲ್ ಎಂದೇ ಕರೆಯುವುದು. ಎರಡಕ್ಷರದ ಬೋರ್ಡಿಗೆ ಹೆದರುವ ಆರ್ವಿಲ್, ಯಾವ ಸೈನ್ಯದ ಕರ್ನಲ್ ಎಂದು ಬಾಸ್ಕಮ್‌ನನ್ನು ಒಂದು ದಿನವೂ ಕೇಳಿರಲಿಲ್ಲ.

ಪೇಟೆಯಿಂದ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಬಂದಿದ್ದ. ಅವನು ಮೇಜನ್ನು ಸವರಿದ್ದನ್ನು ಕಂಡು ಆರ್ವಿಲ್ ಜೇಬಿನ ಮುನ್ನೂರನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡ.

ಕರ್ನಲ್ ಒಂದು ಚೌಕಟ್ಟು ಎತ್ತಿ ಹಿಡಿದ. "ಡಾಕ್ಟ್ರ ಪದವಿ ಪತ್ರ! ಗಾಜು ಒಡೆದಿಲ್ಲ! ಏನ್ ಬರ್ದಿದೆ... ಕ್ಲೈಡ್ ಥರ್ಲೋ, ಆಸ್ಟಿಯೋಪತಿ... ಡಿ.ಓ."

ಅಂಗಳದಲ್ಲಿ ಪೈ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ನಲವತ್ತೆಂಟು ವರ್ಷ ಥರ್ಲೋ ಅವರ ಬೋರ್ಡಿನಲ್ಲಿ ಇದ್ದದ್ದು 'ಡಾಕ್ಟರ್' ಎಂದಷ್ಟೇ.

"ಇನ್ನೊಂದ್ಸಲ ಓದು," ಎಂದಿತು ಗುಂಪಿನೊಳಗಿಂದ ಒಂದು ದನಿ.

"ಎಷ್ಟು ಸಲ ಓದಿದ್ರೂ ಅದೇ ಇರೋದು!"

"ನಂಗೆ ಮೊದ್ಲೇ ಗೊತ್ತಿತ್ತು," ಎಂದ ಡ್ವೇನ್. "ಆ ಕೈಗುಣ ಬರೀ ಎಂ.ಡಿ.ಗಳಿಗೆ ಎಲ್ಲಿಂದ ಬರ್ಬೇಕು?"

ತಲೆಯನ್ನು ಹಿಡಿದ ಆ ಎರಡು ಬೆಚ್ಚನೆಯ ಕೈಗಳು ಆರ್ವಿಲ್‌ಗೆ ನೆನಪಾದವು. ನಲವತ್ತು ವರ್ಷ ಜೋಳದ ಮಾತಿನ ಮರೆಯಲ್ಲಿ ಅರ್ಧ ಡಾಕ್ಟರೊಬ್ಬ ತನ್ನನ್ನು ಪೂರ್ತಿ ವಾಸಿಮಾಡಿಬಿಟ್ಟಿದ್ದ! ಪಕ್ಕದಲ್ಲೇ ಡಾಕ್ಟರ್ ಕ್ವಾಲ್ಸ್ ನಿಂತಿದ್ದಳು. ಟೋಪಿಗೆ ಅವಳೂ ಚೀಟಿ ಸಿಕ್ಕಿಸಿಕೊಂಡಿದ್ದಳು.

"ಡಾಕ್ಟ್ರಮ್ಮಾ, ಬೆಳಿಗ್ಗೆ ಬೇಡ ಅಂದ್ನಲ್ಲ, ಅದು ಈಗ ಆಗುತ್ತಾ?"

ಆಕೆ ಅವನನ್ನು ಮಡಿಸುವ ಕುರ್ಚಿಯಲ್ಲಿ ಕೂರಿಸಿ, ಟೋಪಿ ಬೀಳದಂತೆ ತಲೆಯನ್ನು ಹಿಡಿದಳು. "ಈ ವರ್ಷ ಜೋಳ ಹೇಗಿದೆ?" ಎಂದಳು. ಅವನು ಜೋಳದ ಕತೆ ಮುಗಿಸುವಷ್ಟರಲ್ಲಿ ಒಳಗೆ ಏನೋ ಗಂಟು ಬಿಚ್ಚಿದಂತಾಯಿತು.

"ಈಗ ಮೇಲೆ, ಕೆಳಗೆ. ನಿಧಾನ. ಹೇಗಿದೆ?"

ಆರ್ವಿಲ್ ತಲೆಯಾಡಿಸಿದ. ಆಹಾ!

"ನೋವಿದ್ಯಾ?"

ನೋವಿಲ್ಲವೆಂದು ಹೇಳುವ ಬದಲು ಹಿಗ್ಗಿನಿಂದ ಮತ್ತೊಮ್ಮೆ ಮೇಲೆ ಕೆಳಗೆ ಆಡಿಸಿದ. ಕಣ್ಣಲ್ಲಿ ನೀರು ಬಂತು. ಇನ್ನೂ ಒಮ್ಮೆ ಆಡಿಸಿದ.

"ಕೊಟ್ಟೆ!" ಎಂದು ಕರ್ನಲ್ ಸುತ್ತಿಗೆ ಬಡಿದ. "ಇನ್ನೂರ ತೊಂಬತ್ತು ಡಾಲರ್, ಹದಿನೇಳನೇ ನಂಬರು! ಪೇಟೆಯವ್ರನ್ನ ಸೋಲಿಸಿಬಿಟ್ಟೆ, ಆರ್ವಿಲ್!"

"ಮೇಜಾ?"

"ಮೇಜು ಇನ್ನೂ ಮುಂದಿದೆ. ನಿಂದು ಇದು!"

ಇಬ್ಬರು ಹೊತ್ತು ತಂದಿದ್ದು ಆಳುದ್ದದ ಅಸ್ಥಿಪಂಜರ. ಪ್ಲಾಸ್ಟರಿನದು, ತಂತಿಯಲ್ಲಿ ಪೋಣಿಸಿದ್ದು, ಹಲ್ಲು ಪೂರ್ತಿ ಇತ್ತು.

ಬೇಡವೆನ್ನುವ ಹಾಗಿರಲಿಲ್ಲ. ಹೋದ ವರ್ಷದ ಹರಾಜಿನಲ್ಲಿ ಹುಲ್ಲಿನ ಗಾಡಿಗೆ ತಲೆಯಾಡಿಸಿ ಹಿಂದೆ ಸರಿದ ಡ್ವೇನ್‌ನನ್ನು ಚರ್ಚಿನ ಮೆಟ್ಟಿಲ ಮೇಲೆ ನಿಂತು ಮಾನಗೇಡಿ ಎಂದವನು ಆರ್ವಿಲನೇ. ಈಗ ಡ್ವೇನ್ ಎರಡು ತುಂಡು ಪೈ ಹಿಡಿದು ಅವನ ಬಾಯನ್ನೇ ನೋಡುತ್ತಿದ್ದ. ಆರ್ವಿಲ್ ಜೇಬಿಗೆ ಕೈ ಹಾಕಿದ. ಅಲ್ಲಿ ಉಳಿದದ್ದು ಹತ್ತು ಡಾಲರ್.

ಆಮೇಲೆ ಅಪ್ಪನ ಮೇಜು ಬಂತು. ವ್ಯಾಪಾರಿ ಕೂಗಿದ. ಬಲಗಡೆ ಹಿಂದಿನಿಂದ ಯಾರೋ ಏರಿಸಿದರು. ವ್ಯಾಪಾರಿ ಮತ್ತೆ ಕೂಗಿದ. ಬಲಗಡೆಯವರು ಮತ್ತೂ ಏರಿಸಿದರು. ವ್ಯಾಪಾರಿ ಕೈ ಕೊಡವಿದ. ಸುತ್ತಿಗೆ ಬಿತ್ತು.

ಯಾರಪ್ಪಾ ಅದು! ಆರ್ವಿಲನ ಗುಮಾನಿಯೆಲ್ಲ ಒಟ್ಟಿಗೆ ಎದ್ದಿತು. ಚಾಟಿ ಬೀಸಿದಂತೆ ತಲೆಯನ್ನು ಬಲಭುಜದ ಮೇಲೆ ಹೊರಳಿಸಿದ.

ಕತ್ತು ಅಲ್ಲೇ ನಿಂತಿತು.

ಅದೃಷ್ಟಕ್ಕೆ ನೋಡಬೇಕಾದವರು ಸರಿಯಾಗಿ ಎದುರಿಗೇ ಇದ್ದರು. ಡಾಕ್ಟರ್ ಕ್ವಾಲ್ಸ್ ತನ್ನ ಚೀಟಿಯನ್ನು ಟೋಪಿಯಿಂದ ಕೀಳುತ್ತಿದ್ದಳು.

"ನಿಮ್ಮ ತಂದೆ ಮಾಡಿದ್ದಂತೆ. ಎಂಥಾ ಕೆಲಸಗಾರ!" ಎಂದವಳು ಅವನ ಕತ್ತು ನೋಡಿ ನಿಟ್ಟುಸಿರು ಬಿಟ್ಟಳು. "ಮೇಜು ಸೋಮವಾರ ಕ್ಲಿನಿಕ್ಕಿಗೆ ಬರುತ್ತೆ. ಅದರ ಮೇಲೆ ಮಲಗೋ ಮೊದಲನೇ ರೋಗಿ ನೀವೇ ಆಗಿ."

ಸಂಜೆ ಅಸ್ಥಿಪಂಜರಕ್ಕೆ ಮನೆಯಲ್ಲಿ ಬೇರೆಲ್ಲೂ ಜಾಗ ಸಾಲದೆ, ನೋರೀನ್ ಅದನ್ನು ಹೊರಗೆ ಮುಖ ಮಾಡಿ ಅಡಿಗೆಮನೆಯ ಕಿಟಕಿಗೆ ಒರಗಿಸಿದಳು. ಐದು ನಿಮಿಷದಲ್ಲಿ ಬಾಗಿಲು ಬಡಿದ ಸದ್ದಾಯಿತು. ಗ್ಲೆಂಡಾ ನಿಂತಿದ್ದಳು, ಕೈಯಲ್ಲಿ ಎರಡು ತಿಂಗಳ ಪತ್ರಿಕೆಯ ಕಟ್ಟು.

"ತಗೊಳ್ಳಿ, ಎಲ್ಲಾ ಇದೆ," ಎಂದಳು ಒಳಗೆ ಕಾಲಿಡದೆ. "ಅದನ್ನ ಮಾತ್ರ ಕಿಟಕಿಯಿಂದ ತೆಗೀರಿ."

ಎರಡು ತಿಂಗಳಿಂದ ಅವನು ಕಾಯುತ್ತಿದ್ದ ಕಳ್ಳಿ ಬಾಗಿಲಿಗೇ ಬಂದು ನಿಂತಿದ್ದಳು. ಅವಳ ಮುಖ ನೋಡಬೇಕೆಂದು ಆರ್ವಿಲ್ ಎಷ್ಟೋ ಪ್ರಯತ್ನಪಟ್ಟ. ಅವಳಿದ್ದದ್ದು ಎಡಗಡೆಗೆ.