ಕುಳಿತವರ ಮೇಲೊಂದು ಸಮೀಕ್ಷೆ

ಕುಳಿತುಕೊಳ್ಳುವುದರ ಅಪಾಯಗಳ ಬಗ್ಗೆ ಈ ದೇಶದಲ್ಲಿ ಯಾರಾದರೂ ಗಂಭೀರವಾಗಿ ಕುಳಿತು ಯೋಚಿಸಿದ್ದರೆ ಅದು ನಾನೊಬ್ಬನೇ. ಆದರೆ ಇದನ್ನು ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಸಹಿಸಿಕೊಳ್ಳಿ. ಒಲೆಯ ಮೇಲೆ ಹಾಲಿದೆ. (ನೋಡುತ್ತಾ ನಿಂತರೆ ಉಕ್ಕುವುದಿಲ್ಲ, ಒಂದು ವಾಕ್ಯ ಬರೆಯಲು ತಿರುಗಿದರೆ ಸಾಕು, ಅದಕ್ಕೆ ಉತ್ಸಾಹ ಬರುತ್ತದೆ.)

ನಾನು ಸಾರ್ವಜನಿಕ ಆರೋಗ್ಯ ಸಂಶೋಧನಾ ಕಚೇರಿಯಲ್ಲಿ ನೀತಿ ವಿಭಾಗದ ಬರಹಗಾರ. ಬೇರೆಯವರು ಊರೂರು ಸುತ್ತಿ ತರುವ ಅಂಕಿಅಂಶಗಳನ್ನು ತಣ್ಣನೆಯ ಕೋಣೆಯಲ್ಲಿ ಕುಳಿತು ಅರೆದು, ಪ್ರಜೆಗಳು ಹೇಗೆ ಬದುಕಬೇಕೆಂದು ಸರ್ಕಾರಕ್ಕೆ ಹೇಳಿಕೊಡುವ ಕೆಲಸ. ಹೋದ ವರ್ಷ ಕಚೇರಿಯ ವರದಿಗೆ ನಾನು ಬರೆದ ಅಧ್ಯಾಯದ ಹೆಸರು ‘ಆಸನವೇ ಅನಾರೋಗ್ಯದ ಆಸ್ಥಾನ’. ಅದನ್ನು ಬರೆದು ಮುಗಿಸುವವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕುರ್ಚಿಯ ಒಂದು ಕಾಲು ವಾಲಿತು, ನನ್ನ ಹಳೆಯ ಬೆಲ್ಟು ಹೊಟ್ಟೆಗೆ ಎಟುಕದಾಯಿತು. ನಮ್ಮ ನಿರ್ದೇಶಕಿಯವರು ಓದಿ ಮೆಚ್ಚಿದರು. ರಾಷ್ಟ್ರೀಯ ಸಮೀಕ್ಷೆಯ ಫಲಿತಾಂಶ ಬರಲಿ, ಮಂತ್ರಿಗಳ ಮುಂದೆ ಇದನ್ನು ಓದುವವರು ನೀವೇ, ಹೇಗೂ ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಿದೆ ಎಂದು ಅರ್ಧ ನಕ್ಕರು. ಆ ಅರ್ಧ ನಗುವಿನ ಮೇಲೆ ನಾನು ಮೂರು ಅಂತಸ್ತಿನ ಮನೆಯನ್ನೇ ಕಟ್ಟಿಬಿಟ್ಟೆ.

ಸಮೀಕ್ಷೆ ಹೇಗೆಂದರೆ, ದೇಶದ ಕೋಟ್ಯಂತರ ಮನೆಗಳ ನಡುವಿನಿಂದ ಯಂತ್ರವೊಂದು ಚೀಟಿ ಎತ್ತಿದಂತೆ ಕೆಲವು ಮನೆಗಳನ್ನು ಆರಿಸುತ್ತದೆ. ಆ ಮನೆಯ ಗಂಡ ಹೆಂಡತಿ ಇಬ್ಬರಿಗೂ ಮಣಿಕಟ್ಟಿಗೆ ಒಂದೊಂದು ಕಪ್ಪು ಪಟ್ಟಿ. ಒಂದು ವಾರ ಕಟ್ಟಿಕೊಂಡಿದ್ದರೆ ಸಾಕು, ಯಾರು ಎಷ್ಟು ಓಡಾಡಿದರು, ಯಾರು ಎಷ್ಟು ಬಿದ್ದುಕೊಂಡಿದ್ದರು ಎಂದು ಅದು ಹಾಳೆಯ ಮೇಲೆ ಏರಿಳಿಯುವ ಗೆರೆ ಎಳೆದು ನಾಚಿಕೆಯಿಲ್ಲದೆ ಚಾಡಿ ಹೇಳುತ್ತದೆ. ಆ ಯಂತ್ರಕ್ಕೆ ಬೇರೆ ಮನೆಯೇ ಕಾಣಲಿಲ್ಲವೋ ಏನೋ, ನಮ್ಮ ಮನೆಯನ್ನು ಎತ್ತಿತು. ಕಚೇರಿಯವರ ಮನೆ ಬಿಟ್ಟುಬಿಡಿ ಎಂದು ಬೇಡಿಕೊಂಡೆ. ಯಂತ್ರ ಆರಿಸಿದ ಮನೆಯನ್ನು ಯಾವ ಕಾರಣಕ್ಕೂ ಬಿಡಬಾರದು ಎಂಬ ಸುತ್ತೋಲೆಯನ್ನು ನಿರ್ದೇಶಕಿಯವರು ಮುಂದೆ ಹಿಡಿದರು. ಬರೆದವನು ನಾನೇ.

ಮನೆಗೆ ಬಂದು, ನಮ್ಮ ಮನೆ ಇನ್ನು ಮುಂದೆ ಬರೀ ಮನೆಯಲ್ಲ, ಹತ್ತು ಸಾವಿರ ಮನೆಗಳ ಪ್ರತಿನಿಧಿ ಎಂದು ಘೋಷಿಸಿದೆ. ಹೆಂಡತಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಹಾಗಾದ್ರೆ ನಿಮ್ಮಂಥ ಗಂಡಂದಿರು ಹತ್ತು ಸಾವಿರ ಜನ ಇದಾರೆ ಅಂತಾಯ್ತು. ದೇಶ ಹೇಗೆ ನಡೀತಿದೆಯೋ."

"ನಡೀತಾ ಇಲ್ಲ ಕಣೇ, ಕೂತಿದೆ. ಅದೇ ನನ್ನ ಅಧ್ಯಾಯ," ಎಂದು ನಾನು ಸೋಫಾದಲ್ಲಿ ಕುಸಿದೆ. ಪಕ್ಕದಲ್ಲಿ ಟೀವಿ ನೋಡುತ್ತಿದ್ದ ಅಮ್ಮ ನನ್ನ ಬೆನ್ನು ಸವರಿ, ಪಾಪ, ನನ್ನ ಮಗ ಒಂದು ಕ್ಷಣ ಸುಮ್ಮನೆ ಕೂತವನಲ್ಲ ಎಂದರು. (ಅಮ್ಮನ ಮಟ್ಟಿಗೆ ನನಗಿನ್ನೂ ನಾಲ್ಕು ವರ್ಷ, ನಾನಿನ್ನೂ ಮಂಚದಿಂದ ಮಂಚಕ್ಕೆ ಹಾರುತ್ತಿದ್ದೇನೆ.)

ಪಟ್ಟಿ ಕಟ್ಟಿದ ಮೊದಲ ದಿನವೇ ನನ್ನ ನೆಮ್ಮದಿ ಹಾಳಾಯಿತು. ನನ್ನ ದಪ್ಪ ಕೈಗೆ ಅದು ಕೊನೆಯ ತೂತಿಗೆ ಎಳೆದರೂ ಬಿಗಿಯಾಗಿತ್ತು. ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ. ಕಚೇರಿಯಲ್ಲಿ ಬೇಕಿಲ್ಲದ ಕಡತ ಹಿಡಿದು ಮೇಜಿನಿಂದ ಮೇಜಿಗೆ ತಿರುಗಿದೆ. ಎಲ್ಲರೂ ಅದಕ್ಕೆ ಸಹಿ ಹಾಕಿ ಕಳಿಸಿದರು. ಸಂಜೆ ಮನೆಯಲ್ಲಿ ಕಿಟಕಿಯಿಂದ ಚಪ್ಪಲಿ ಗೂಡಿನವರೆಗೆ ಗಸ್ತು ತಿರುಗಿದೆ. ಟೀವಿಗೆ ಅಡ್ಡ ಬರುತ್ತೀಯ ಎಂದು ಅಮ್ಮ ಗದರಿದರು. ಸೋಫಾದ ಅಂಚಿಗೆ ಬೆನ್ನು ತಾಗಿಸಿದ್ದಷ್ಟೇ ನೆನಪು, ಎದ್ದಾಗ ಊಟದ ಹೊತ್ತಾಗಿತ್ತು. ನನ್ನ ಗೆರೆ ಹೇಗೆ ಬರುತ್ತದೆಂದು ನನಗೆ ಗೊತ್ತಿತ್ತು. ‘ಆಸನವೇ ಅನಾರೋಗ್ಯದ ಆಸ್ಥಾನ’ ಬರೆದವನೇ ಆ ಆಸ್ಥಾನದ ಮಹಾರಾಜ ಎಂದು ಕಚೇರಿಗೆಲ್ಲ ತಿಳಿದರೆ ಮಂತ್ರಿಗಳೂ ಇಲ್ಲ, ಮುಖ್ಯಸ್ಥಗಿರಿಯೂ ಇಲ್ಲ.

ಅಷ್ಟರಲ್ಲಿ ಹೆಂಡತಿಯನ್ನು ನೋಡಿದೆ. ಮದುವೆಯಾದ ಮೇಲೆ ಅವಳನ್ನು ಸಂಶೋಧಕನ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಅಡುಗೆಮನೆ, ಹಿತ್ತಲು, ಮಹಡಿ ಮೆಟ್ಟಿಲು, ಬಟ್ಟೆ ಹಗ್ಗ, ಅಂಗಡಿ, ಮತ್ತೆ ಅಡುಗೆಮನೆ. ಎಂಥ ಗೆರೆ ಸುಮ್ಮನೆ ವ್ಯರ್ಥವಾಗುತ್ತಿದೆಯಲ್ಲ ಎಂದು ನನ್ನ ಹೊಟ್ಟೆ ಉರಿಯಿತು.

ಸ್ನಾನಕ್ಕೆ ಹೋಗುವಾಗ ಇಬ್ಬರೂ ಪಟ್ಟಿ ಬಿಚ್ಚಿ ಬಚ್ಚಲ ಗೂಡಿನಲ್ಲಿಡುತ್ತಿದ್ದೆವು. ಎರಡೂ ಅವಳಿಜವಳಿ, ಒಳಗಿನ ಪುಟ್ಟ ಸಂಖ್ಯೆಯಷ್ಟೇ ಬೇರೆ. ಮರುದಿನ ಬೆಳಗ್ಗೆ ಅವಳದನ್ನು ನಾನು ಕಟ್ಟಿಕೊಂಡೆ, ನನ್ನದನ್ನು ಅವಳಿಗೆ ಬಿಟ್ಟೆ. ಅವಳೇನು ಮಂತ್ರಿಗಳ ಮುಂದೆ ನಿಲ್ಲಬೇಕೇ ಎಂದು ನನ್ನ ಆತ್ಮಸಾಕ್ಷಿಗೆ ಸಮಜಾಯಿಷಿ ಕೊಟ್ಟೆ. ಅದು ಒಪ್ಪಿತು. ಆ ವಾರವೆಲ್ಲ ಅವಳಿಗೆ ಏನು ಹುರುಪು ಬಂದಿತ್ತೋ, ಅಟ್ಟ ಗುಡಿಸಿದಳು, ಮನೆಯ ಪರದೆಗಳನ್ನೆಲ್ಲ ಒಗೆದಳು. ನಾನು ಸೋಫಾದಲ್ಲಿ ಒರಗಿ ಮನಸಾರೆ ಹಾರೈಸಿದೆ.

ಉಕ್ಕಿತು. ಒಂದು ನಿಮಿಷ.

ಒರೆಸಿ ಬಂದೆ. ಎಲ್ಲಿದ್ದೆ? ಹಾಂ, ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋದ ಸಮೀಕ್ಷೆಯ ನರ್ಸಮ್ಮ ಕೆಲವು ವಾರಗಳ ಮೇಲೆ ಫಲಿತಾಂಶ ಹಿಡಿದು ಮನೆಗೇ ಬಂದರು. ಅಷ್ಟು ದಿನವೂ ನನಗೆ ನಿದ್ದೆ ಸರಿಯಾಗಿ ಹತ್ತಿರಲಿಲ್ಲ. ಅವರು ಮೇಜಿನ ಮೇಲೆ ಎರಡು ಹಾಳೆ ಬಿಡಿಸಿದರು. ನನ್ನ ಹೆಸರಿನದರಲ್ಲಿ ಮೊದಲ ದಿನ ಬಯಲು, ಆಮೇಲೆ ಬೆಟ್ಟದ ಮೇಲೆ ಬೆಟ್ಟ. ಹೆಂಡತಿಯದರಲ್ಲಿ ಮೊದಲ ದಿನ ಬೆಟ್ಟ, ಆಮೇಲೆ ಅಲೆಯಿಲ್ಲದ ಕೆರೆ. ಮೊದಲ ದಿನ ಇಬ್ಬರಿಗೂ ಹೊಸತು, ಪಟ್ಟಿ ಅಭ್ಯಾಸವಾಗಿರಲಿಕ್ಕಿಲ್ಲ ಎಂದು ಆ ಪುಣ್ಯಾತ್ಗಿತ್ತಿಯೇ ಕಾರಣವನ್ನೂ ಹುಡುಕಿಕೊಟ್ಟರು.

"ಇಂಥ ಗಂಡಸನ್ನ ನಾನು ಎಲ್ಲೂ ನೋಡಿಲ್ಲ ಸರ್. ಬೆಳಗಿನ ಜಾವದಿಂದ ನಿಮಗೆ ಬಿಡುವೇ ಇಲ್ಲ. ಕಚೇರಿಗೆ ಯಾವಾಗ ಹೋಗ್ತೀರಾ?"

ಮಧ್ಯೆ ಮಧ್ಯೆ ಎಂದೆ.

ಅವರು ಅಮ್ಮನ ಕಡೆ ತಿರುಗಿ, ಮನೆಗೆಲಸವೆಲ್ಲ ನಿಮ್ಮ ಮಗನೇ ಮಾಡುತ್ತಾರಾ ಎಂದು ಕೇಳಿದರು. ಮಗನನ್ನು ಹೊಗಳುತ್ತಿದ್ದಾರೆ ಎಂದಷ್ಟೇ ಅಮ್ಮನಿಗೆ ಗೊತ್ತಾಗಿದ್ದು. ಹುಟ್ಟಿದಾಗಿನಿಂದ ಹಾಗೇ, ಸುಮ್ಮನೆ ಕೂತವನೇ ಅಲ್ಲ ಎಂದು ಸಾಕ್ಷಿ ನುಡಿದುಬಿಟ್ಟರು. ಉಳಿದದ್ದು ಹೆಂಡತಿ. ಅವಳು ಬೆಟ್ಟ ನೋಡಿದಳು, ಕೆರೆ ನೋಡಿದಳು, ನನ್ನ ಮುಖ ನೋಡಿದಳು.

"ಹೌದು ಸಿಸ್ಟರ್," ಎಂದಳು. "ನನಗೆ ಒಂದು ಕಡ್ಡಿ ಎತ್ತೋಕೂ ಬಿಡಲ್ಲ. ಎಷ್ಟು ಬೇಡ ಅಂದ್ರೂ ಕೇಳಲ್ಲ."

ಇಂಥ ಹೆಂಡತಿ ಯಾರಿಗುಂಟು ಎಂದು ಮನಸ್ಸಿನಲ್ಲೇ ಕೈಮುಗಿದೆ. ಮುಗಿದ ಕೈ ಬಿಡಿಸುವುದರೊಳಗೆ ನರ್ಸಮ್ಮ ಗಂಭೀರರಾದರು. ಕೆರೆಯಂಥ ಗೆರೆ ಅಪಾಯಕಾರಿಯಂತೆ. ಅಂಥವರು ಬೆಳಗ್ಗೆ, ಸಂಜೆ ಎರಡು ಹೊತ್ತೂ ಮನೆಯಿಂದ ಹೊರಗೆ, ಜೊತೆಗಾರರೊಂದಿಗೆ, ಯಾವ ಚಿಂತೆಯೂ ಇಲ್ಲದೆ ನಡೆಯಬೇಕಂತೆ. ಎಲ್ಲವೂ ನನ್ನದೇ ಅಧ್ಯಾಯದ ವಾಕ್ಯಗಳು, ಅಲ್ಪವಿರಾಮವನ್ನೂ ಬಿಡದೆ ಒಪ್ಪಿಸಿದರು.

"ಮತ್ತೆ ಸರ್, ನೀವು ಮಾಡ್ತಿರೋ ಕೆಲಸ ಒಂದೂ ನಿಲ್ಲಿಸಬಾರದು. ವರ್ಷವಿಡೀ ನಾವು ಹೇಳದೇ ಬಂದು ನೋಡ್ತೀವಿ. ಮನೆ ರೀತಿ ಬದಲಾದ್ರೆ ಅಂಕಿಅಂಶ ಕೆಡುತ್ತೆ. ನಿಮಗೆ ನಾನು ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ನಿಜ ಬಾಯಿಬಿಟ್ಟರೆ ರಾಷ್ಟ್ರೀಯ ಸಮೀಕ್ಷೆಯನ್ನು ತಿದ್ದಿದ ಅಪರಾಧಿ; ಬಿಡದಿದ್ದರೆ ಪಾತ್ರೆ ನನ್ನದು. ಪಾತ್ರೆಯನ್ನು ಆರಿಸಿಕೊಂಡೆ. ಮುಖ್ಯಸ್ಥನಾದ ಮೇಲೆ ಯಾರಾದರೂ ಕೆಲಸದವರನ್ನಿಟ್ಟುಕೊಂಡರಾಯಿತು ಎಂಬ ಆಸೆಯೂ ಇತ್ತು.

ಮರುದಿನ ನನ್ನ ಬೆಟ್ಟದ ಹಾಳೆ ನೋಡಿದ ನಿರ್ದೇಶಕಿಯವರು ಕರೆಸಿದರು. ಕಣ್ಣಲ್ಲಿ ನೀರಿತ್ತು. ನಿಮ್ಮಂಥ ಚಲನಶೀಲ ಮನುಷ್ಯನನ್ನು ಮುಖ್ಯಸ್ಥನ ಕುರ್ಚಿಗೆ ಕಟ್ಟಿಹಾಕಿದರೆ ನಾನು ನಿಮ್ಮ ಅಧ್ಯಾಯಕ್ಕೇ ದ್ರೋಹ ಬಗೆದಂತೆ ಎಂದರು. ಕುರ್ಚಿಯನ್ನು ನನ್ನ ಎದುರು ಮೇಜಿನವನಿಗೆ ಕೊಟ್ಟರು; ಅವನಿಗೆ ಕುಳಿತುಕೊಳ್ಳುವುದು ಚೆನ್ನಾಗಿ ಒಗ್ಗುತ್ತದೆಯಂತೆ. ಮಂತ್ರಿಗಳ ಮುಂದೆ ಓದುವವನೂ ಅವನೇ. ನನಗೆ ಗೌರವಾರ್ಥವಾಗಿ ಎತ್ತರದ ಮೇಜೊಂದನ್ನು ಹಾಕಿಸಿ, ಇದ್ದ ಕುರ್ಚಿಯನ್ನೂ ತೆಗೆಸಿದರು.

ಹೀಗೆ ಕಚೇರಿಯಲ್ಲೂ ನಿಂತಿದ್ದೇನೆ, ಮನೆಯಲ್ಲೂ ನಿಂತಿದ್ದೇನೆ. ಹೆಂಡತಿ ಮಾತ್ರ ಎರಡು ಹೊತ್ತು ಪಕ್ಕದ ಮನೆಯವರೊಂದಿಗೆ ನಗುತ್ತಾ ಹೊರಡುತ್ತಾಳೆ. ಈಗ ತಾನೇ ಅಡುಗೆಮನೆಯ ಬಾಗಿಲಿಗೆ ಬಂದು, ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ತಡೆಯಲಾರದೆ ಕೇಳಿಯೇಬಿಟ್ಟೆ, ಅವತ್ತು ನರ್ಸಮ್ಮನ ಮುಂದೆ ಯಾಕೆ ಹಾಗೆ ಹೇಳಿದೆ ಎಂದು.

"ಬದಲಾಯಿಸಿದ ದಿನವೇ ಗೊತ್ತಾಯ್ತು ರೀ. ನಿಮ್ಮ ಪಟ್ಟಿಯ ಕೊನೇ ತೂತು ಹಿಗ್ಗಿಹೋಗಿತ್ತು."

"ಮತ್ತೆ ಆಗಲೇ ಜಗಳ ಆಡಬೇಕಿತ್ತು."

"ಯಾಕೆ ಆಡ್ಲಿ? ನಿಮ್ಮ ಮರ್ಯಾದೆ ಪ್ರಶ್ನೆ. ಅದಕ್ಕೇ ಸ್ವಲ್ಪ ಜಾಸ್ತೀನೇ ಓಡಾಡಿದೆ. ಅಟ್ಟ, ಪರದೆ ಎಲ್ಲ ನಿಮ್ಮ ಹೆಸರಲ್ಲೇ ಮಾಡಿದ್ದು." ದಾರ ಬಿಗಿದು ಎದ್ದಳು. "ಬೆಳಗ್ಗೆ ದಾರೀಲಿ ಸಿಸ್ಟರ್ ಸಿಕ್ಕಿದ್ರು, ನಾಳೆ ಮತ್ತೆ ಪಟ್ಟಿ ತರ್ತಾರಂತೆ. ಈ ಸಲ ನಿಮ್ಮದನ್ನ ನೀವೇ ಕಟ್ಕೊಳ್ಳಿ. ಬೆಟ್ಟ ಅಷ್ಟೇ ಎತ್ತರ ಬರಬೇಕು ನೋಡಿ. ಪರದೆಗಳು ಕೊಳೆಯಾಗಿವೆ."

ಬಾಗಿಲು ಮುಚ್ಚಿತು. ಒಲೆ ಆರಿಸಿ, ಸ್ಟೂಲು ಎಳೆದು, ಹತ್ತಿ ನಿಂತು ಮೊದಲ ಪರದೆಯ ಕೊಂಡಿಗೆ ಕೈ ಹಾಕಿದೆ. ಉಳಿದದ್ದನ್ನು ಸ್ಟೂಲಿನ ಮೇಲಿಂದಲೇ ಬರೆದು ಮುಗಿಸುತ್ತಿದ್ದೇನೆ. ಕೆಳಗೆ ಸೋಫಾದಲ್ಲಿ ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳುತ್ತಿದ್ದಾರೆ, ಈಗಲಾದರೂ ನಂಬ್ತೀಯಾ, ನನ್ನ ಮಗ ಒಂದು ಕ್ಷಣ ಸುಮ್ಮನೆ ಕೂತವನಲ್ಲ ಅಂತ.