ಮೀಲ್ಸ್ ರೆಡಿ ಮತ್ತು ನಮ್ಮ ಭಾವ

ಚೆನ್ನಾಗಿ ನಡೆಯುತ್ತಿರುವ ಹೋಟೆಲೊಂದನ್ನು ಮುಚ್ಚಿಸಬೇಕು ಅಂತ ನಿಮಗೆ ಯಾರ ಮೇಲಾದರೂ ಸಿಟ್ಟಿದ್ದರೆ ಹೇಳಿ, ನಮ್ಮ ಭಾವನನ್ನು ಒಂದು ತಿಂಗಳ ಮಟ್ಟಿಗೆ ಅಲ್ಲಿಗೆ ಕಳಿಸಿಕೊಡುತ್ತೇನೆ. ಬಸ್ಸಿನ ಖರ್ಚು ನನ್ನದೇ. ವಾಪಸು ಕಳಿಸದಿದ್ದರೂ ನನಗೇನೂ ಬೇಜಾರಿಲ್ಲ!

ಭಾವ ಎಂದರೆ ನನ್ನ ಗಂಡನ ಅಣ್ಣ. ಮದುವೆ ಮಾಡಿಕೊಳ್ಳಲಿಲ್ಲ. ಬೊಂಬಾಯಿಯ ಯಾವುದೋ ಇಂಗ್ಲಿಷ್ ಛಾಪಖಾನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತ, ಪ್ರೂಫ್ ತಿದ್ದುತ್ತ ಆಯುಷ್ಯ ಕಳೆದವರು. ಕಂಪ್ಯೂಟರು ಬಂದು ಆ ಕೆಲಸ ಹೋದ ಮೇಲೆ ಒಂದು ಟ್ರಂಕು, ಒಂದು ದಿಂಬಿನಷ್ಟು ದಪ್ಪದ ಡಿಕ್ಷನರಿ ಹೊತ್ತುಕೊಂಡು ಮುರ್ಡೇಶ್ವರಕ್ಕೆ ಬಂದಿಳಿದರು. ನಮ್ಮದು ಅಲ್ಲಿ ಹೈವೇ ಬದಿಯ ಮೀನೂಟದ ಹೋಟೆಲು. ಗಲ್ಲಾ ಪೆಟ್ಟಿಗೆಯ ಮುಂದೆ ನನ್ನ ಗಂಡ, ಒಲೆಯ ಮುಂದೆ ನಾನು. "ನಾಲ್ಕು ದಿನ ಇದ್ದು ಹೋಗ್ತಾನೆ, ಸುಧಾರಿಸ್ಕ" ಎಂದರು ಗಂಡ. ಮಕ್ಕಳು ಪ್ರೈಮರಿ ಶಾಲೆ ಮುಗಿಸಿ ಹೈಸ್ಕೂಲು ಮುಗಿಸಿದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಇದ್ದರೆ ಇರಲಿ, ಮನುಷ್ಯ ಅಂದಮೇಲೆ ಒಂದು ಕೈ ಸಹಾಯ ಮಾಡಬಾರದೇ? ಒಂದು ದಿನ ಕೆಲಸ ತಲೆಯ ಮೇಲೆ ಬಿದ್ದಾಗ "ಭಾವ, ಈರುಳ್ಳಿ ಒಂದಿಷ್ಟು ಹೆಚ್ಚಿಕೊಡಿ" ಎಂದೆ. ಹೆಚ್ಚಿದರು. ಎಷ್ಟು? ಎರಡು! ಉಳಿದ ಹೊತ್ತೆಲ್ಲ ಈರುಳ್ಳಿಯ ಇಂಗ್ಲಿಷ್ ಹೆಸರು ಲ್ಯಾಟಿನ್ ಭಾಷೆಯಿಂದ ಹೇಗೆ ನಡೆದು ಬಂತು, ಅದರ ಮೂಲದಲ್ಲಿ ಒಂದಾಗಿರುವುದು, ಒಗ್ಗಟ್ಟು ಎಂಬ ಅರ್ಥ ಹೇಗೆ ಅಡಗಿದೆ ಎಂಬ ವ್ಯಾಖ್ಯಾನ. ಕೊನೆಗೆ ಉಳಿದ ಬುಟ್ಟಿಯನ್ನು ನಾನೇ ಎಳೆದುಕೊಂಡು ಹೆಚ್ಚಿದೆ. ಕಣ್ಣಲ್ಲಿ ನೀರು ಸುರಿಯಿತು. ಈರುಳ್ಳಿಗೆ ಬಂದ ನೀರೋ, ನಮ್ಮ ಮನೆಯ ಒಗ್ಗಟ್ಟಿಗೆ ಬಂದ ನೀರೋ, ದೇವರಿಗೇ ಗೊತ್ತು.

ಆದರೆ ಈರುಳ್ಳಿಯೆಲ್ಲ ಅವರಿಗೆ ಸಣ್ಣ ಮಾತು. ಅವರ ಪ್ರಾಣವೆಲ್ಲ ಇದ್ದದ್ದು ಒಂದೇ ಶಬ್ದದಲ್ಲಿ. ಯಾವುದು ಅಂತೀರಿ? ಊರಿನಲ್ಲಿ ಎಲ್ಲ ಹೋಟೆಲಿನ ಮುಂದೆಯೂ ತೂಗುವ ಶಬ್ದ, ಮೀಲ್ಸ್!

ಹೈವೇ ಅಗಲ ಮಾಡುವಾಗ ನಮ್ಮ ಅಂಗಳವೂ ಹೋಯಿತು, ಹಳೆಯ ಬೋರ್ಡೂ ಹೋಯಿತು. ಬಸ್ಸುಗಳು ನಮ್ಮೆದುರು ನಿಲ್ಲುವುದನ್ನೇ ಬಿಟ್ಟವು. ದೂರದಿಂದಲೇ ಕಾಣಬೇಕು ಅಂತ ಗಂಡ ಭಟ್ಕಳದಲ್ಲಿ ದೊಡ್ಡ ದೊಡ್ಡ ತಗಡಿನ ಇಂಗ್ಲಿಷ್ ಅಕ್ಷರ ಮಾಡಿಸಿಕೊಂಡು ಬಂದರು. ಮೀಲ್ಸ್ ರೆಡಿ. ಉಪ್ಪು ಗಾಳಿಗೆ ತುಕ್ಕು ಹಿಡಿದರೆ ಬಿಚ್ಚಿ ಬಣ್ಣ ಬಳಿಯಬಹುದಲ್ಲ ಎಂದು ಒಂದೊಂದು ಅಕ್ಷರವನ್ನೂ ಒಂದೊಂದು ಮೊಳೆಗೆ ತೂಗುಹಾಕಿದರು. ಅದೇ ಆದದ್ದು ನಮ್ಮ ಗ್ರಹಚಾರ! ಬೊಂಬಾಯಿಯಲ್ಲಿ ಇಡೀ ಜನ್ಮ ಅಕ್ಷರ ಎತ್ತಿ ಅಕ್ಷರ ಇಟ್ಟ ಮನುಷ್ಯನಿಗೆ ಬಿಚ್ಚಲು ಬರುವ ಅಕ್ಷರ ಕಂಡರೆ ಸುಮ್ಮನಿರಲು ಆಗುತ್ತದೆಯೇ?

ಒಂದು ಬೆಳಿಗ್ಗೆ ನೋಡಿದರೆ ಬೋರ್ಡು ಸೇಲಂ ರೆಡಿ ಎನ್ನುತ್ತಿದೆ.

"ಇದು ಎಂತ ಅಣ್ಣ?" ಎಂದರು ಗಂಡ.

"ಸೇಲಂ. ಮೀಲ್ಸಿನ ಅದೇ ಐದು ಇಂಗ್ಲಿಷ್ ಅಕ್ಷರ ಮಾರಾಯ! ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಎಷ್ಟ್ ಚಂದ ನೋಡು" ಎಂದರು ಭಾವ. ಹೆರಿಗೆಯಾದ ಮನೆಯ ಅಜ್ಜನ ಮುಖದಂತಿತ್ತು ಅವರ ಮುಖ.

ಅದನ್ನು ಸರಿಮಾಡುವಷ್ಟರಲ್ಲಿ ತಮಿಳುನಾಡಿನ ಲಾರಿಗಳು ಬಂದು ಸಾಲಾಗಿ ನಿಂತೇಬಿಟ್ಟವು. ಡ್ರೈವರುಗಳು ಇಳಿದು ಬಂದು ನನ್ನ ಗಂಡನನ್ನು ತಮ್ಮ ಊರಿನವನೇ ಎಂದು ತಬ್ಬಿಕೊಂಡರು. ಸಾಂಬಾರು ಕೇಳಿದರು, ರಸಂ ಕೇಳಿದರು, ಹಪ್ಪಳ ಕೇಳಿದರು. ನಮ್ಮಲ್ಲಿದ್ದದ್ದು ಬಂಗಡೆ ಸಾರು, ಕೋಕಂ ಹುಳಿಯ ಸೋಲ್ ಕಡಿ. ಅವರಲ್ಲಿ ಹಿರಿಯನೊಬ್ಬ ಮಜ್ಜಿಗೆ ಅನ್ನ ಉಂಡು ಎದ್ದು ಹೋಗುವಾಗ ಉದ್ದಕ್ಕೆ ಏನೋ ಹೇಳಿದ. ಭಾಷೆ ತಿಳಿಯಲಿಲ್ಲ, ಬೈಗುಳ ಅಂತ ಮಾತ್ರ ತಿಳಿಯಿತು.

ಇನ್ನೊಂದು ದಿನ ಮೇಲ್ಸ್ ರೆಡಿ. ಇಂಗ್ಲಿಷ್ ಬಲ್ಲವರಿಗೆ ಹೇಳಬೇಕಿಲ್ಲ, ಬರದವರಿಗೆ ಹೇಳುತ್ತೇನೆ, ಗಂಡಸರು ತಯಾರಿದ್ದಾರೆ ಅಂತ! ಅವತ್ತೇ ಸ್ವಸಹಾಯ ಸಂಘದ ಹೆಂಗಸರು ಒಂದು ಟೆಂಪೋ ತುಂಬ ದೇವಸ್ಥಾನ ನೋಡಲು ಬಂದಿದ್ದರು. ಅವರಲ್ಲೊಬ್ಬರು ಟೀಚರು, ಬೋರ್ಡು ಓದಿ, ಸೆರಗು ಬಾಯಿಗೆ ಅಡ್ಡ ಹಿಡಿದು ಗಲ್ಲಾದ ಹತ್ತಿರ ಬಂದು, "ಎಲ್ಲಿದ್ದಾರೆ, ಸ್ವಲ್ಪ ತೋರ್ಸಿ ಕಾಂಬ!" ಎಂದರು. ಹೆಗಲ ಮೇಲೆ ಟವೆಲು ಹಾಕಿಕೊಂಡು ಹಲ್ಲಿಗೆ ಕಡ್ಡಿ ಚುಚ್ಚುತ್ತಿದ್ದ ನನ್ನ ಗಂಡ ಕಡ್ಡಿಯನ್ನು ಬಾಯಲ್ಲೇ ಬಿಟ್ಟುಕೊಂಡು ಕೂತರು. ಹೆಂಗಸರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲಿ ಗಂಡಸರು ಯಾವತ್ತಿದ್ದರೂ ರೆಡಿಯೇ, ತಟ್ಟೆಯ ಮುಂದೆ! ಆ ಬೋರ್ಡು ಸತ್ಯ ಹೇಳಿದ್ದು ಅದೊಂದೇ ದಿನ.

ಇಷ್ಟಾದರೂ ತಡೆದುಕೊಂಡಿದ್ದೆ. ಹುಬ್ಬಳ್ಳಿ ಕಡೆಯ ಸಂಸಾರವೊಂದು ಫಿಶ್ ಮೀಲ್ಸ್ ಹೇಳಿ ಉಣ್ಣಲು ಕೂತಿದ್ದಾಗ ಭಾವ ಹೋಗಿ ಆ ಮೇಜಿನ ಪಕ್ಕದಲ್ಲಿ ನಿಂತರು.

"ಫಿಶ್ ಮೀಲ್ ಅಂದ್ರೆ ಎಂತ ಅಂತ ಗೊತ್ತಿದ್ಯಾ ನಿಮ್ಗೆ?"

"ಏನ್ರೀ?" ಎಂದರು ಯಜಮಾನರು, ಬಾಯಲ್ಲಿ ತುತ್ತಿಟ್ಟುಕೊಂಡೇ.

"ಮೀನು ಒಣಗಿಸಿ ಬೀಸಿದ ಹಿಟ್ಟು. ಕೋಳಿಗೆ ಹಾಕುದು. ಆ ಕಾರ್ಖಾನೆ ಬದಿಗೆ ಹೋದ್ರೆ ವಾಸನೆಗೆ ಮೂಗು ಬಿಡೂಕಾಗುದಿಲ್ಲ. ಹೆದರ್ಬೇಡಿ, ಅದು ಬೇರೆ ಮೀಲ್, ನೀವು ಉಂಬುದು ಬೇರೆ ಮೀಲ್. ಎರಡಕ್ಕೂ ಹುಟ್ಟಿದಲ್ಲಿಂದ ಸಂಬಂಧ ಇಲ್ಲ. ಅದು ಬೀಸುದು ಅಂಬ ಅರ್ಥದಿಂದ ಬಂದದ್ದು. ಇನ್ನು ಇದು..."

ಇದು ಎಲ್ಲಿಂದ ಬಂದದ್ದು ಎಂದು ಕೇಳಲು ಅವರು ಉಳಿಯಲಿಲ್ಲ. ಮಗು ಬಾಯಲ್ಲಿದ್ದದ್ದನ್ನು ತಟ್ಟೆಗೆ ಉಗುಳಿತು. ತಾಯಿ ಕೈ ತೊಳೆಯಲು ಎದ್ದರು. ಹುರಿದಿಟ್ಟ ಇಸ್ವಾಣ ಮೀನಿನ ತುಂಡುಗಳು ನನ್ನನ್ನೇ ನೋಡುತ್ತ ಕೂತವು.

ಆ ಸಂಜೆ ಗಂಡನಿಗೆ ಖಂಡಿತವಾಗಿ ಹೇಳಿದೆ. "ಕುಮಟೆಯಲ್ಲಿ ನಿಮ್ಮ ತಂಗಿ ಇದ್ದಾಳಲ್ಲ, ಅವಳ ಮನೆಗೆ ಕಳಿಸಿ. ನಂಗೆ ಆಗುದಿಲ್ಲ."

"ಅಣ್ಣ ಅಲ್ವಾ ಮಾರಾಯ್ತಿ. ಈ ವಯಸ್ಸಲ್ಲಿ ಎಲ್ಲಿಗೆ ಅಂತ ಹೋಗ್ತಾನೆ?"

"ನಾನು ಎಲ್ಲಿಗೆ ಹೋಗ್ಲಿ?"

ಅವರು ಟಿವಿಯ ಶಬ್ದ ಜೋರು ಮಾಡಿದರು. ಯಾವತ್ತೂ ಅದೇ ಉತ್ತರ.

ನನಗೆ ಅಷ್ಟು ಸಿಟ್ಟು ಯಾಕೆ ಅಂತೀರಾ? ಹೇಳುತ್ತೇನೆ. ಹೋಟೆಲಿನಲ್ಲಿ ಎಲ್ಲರಿಗೂ ಊಟದ ಹೊತ್ತು ಅಂತ ಒಂದಿದೆ, ಅಡಿಗೆ ಮಾಡುವವಳೊಬ್ಬಳಿಗೆ ಇಲ್ಲ. ಭಾವನಿಗೆ ಹನ್ನೆರಡೂವರೆಗೆ ಸರಿಯಾಗಿ ತಟ್ಟೆ ಬೀಳಬೇಕು. ಆಮೇಲೆ ಗಿರಾಕಿಗಳು. ಗಿರಾಕಿ ಕಡಿಮೆಯಾದ ಮೇಲೆ ಗಂಡ. ಅವರು ಉಂಡು ಕೈ ತೊಳೆದ ಮೇಲೆ ಪಾತ್ರೆಯ ತಳದಲ್ಲಿ ಗಟ್ಟಿಯಾಗಿ ಕೂತ ತಣ್ಣನೆಯ ಅನ್ನ, ಯಾರೂ ಬೇಡವೆಂದ ಬಂಗಡೆ ತಲೆ ನನ್ನ ಪಾಲಿಗೆ. ಅಡುಗೆಮನೆಯಲ್ಲಿ ನಿಂತೇ ಎರಡು ತುತ್ತು. ನನ್ನ ಅತ್ತೆಯೂ ಹಾಗೇ ಉಂಡವರು, ಅವರ ಅತ್ತೆಯೂ ಹಾಗೇ. ಅದೊಂದು ಸಂಗತಿ ಎಂದು ಯಾರಿಗೂ ಅನಿಸಿಲ್ಲ.

ಹೋದ ವರ್ಷ ನನಗೆ ಸಕ್ಕರೆ ಕಾಯಿಲೆ ಅಂತಾಯಿತು. ಹೊನ್ನಾವರದ ಡಾಕ್ಟರು ಗುಳಿಗೆ ಕೊಟ್ಟು, "ಇದನ್ನು ನುಂಗಿ ಅರ್ಧ ತಾಸಿನೊಳಗೆ ಉಣ್ಲೇಬೇಕು ಅಮ್ಮ. ಉಣ್ಣದಿದ್ರೆ ಸಕ್ಕರೆ ಪೂರ್ತಿ ಇಳಿದು ಒಲೆ ಮುಂದೇ ಬೀಳ್ತೀರಿ, ಏಳ್ದೇ ಇರೂಕೂ ಸಾಕು" ಎಂದರು. ಪಕ್ಕದಲ್ಲಿ ಕೂತ ಗಂಡ ನನಗಿಂತ ಜೋರಾಗಿ ತಲೆಯಾಡಿಸಿದರು. ಮನೆಗೆ ಬಂದ ಮೇಲೆ ಗುಳಿಗೆ ಮಾತ್ರ ಹೊತ್ತಿಗೆ ಸರಿಯಾಗಿ ನಡೆಯಿತು, ಊಟ ಮೊದಲಿನ ಹಾಗೇ. ಮಧ್ಯಾಹ್ನ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ಕಣ್ಣ ಮುಂದೆ ಕತ್ತಲೆ. ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಮುಂದಿನ ತವೆಗೆ ಎಣ್ಣೆ ಹಾಕುತ್ತೇನೆ. ಗಂಡ ಒಳಗೆ ಇಣುಕಿ, "ಎಂತ ಆತು? ಸ್ವಲ್ಪ ಕೂತ್ಕ" ಎನ್ನುತ್ತಾರೆ. ಅದೇ ಉಸಿರಿನಲ್ಲಿ, "ಮೂರು ಫ್ರೈ!"

ಒಂದು ಶನಿವಾರ ಬೆಲ್ಲ ಬಾಯಿಗೆ ಹೋಗುವ ಮೊದಲೇ ಕಾಲು ಸೋತಿತು. ಸೌಟು ಕೈಯಿಂದ ಬಿತ್ತು. ಗ್ಯಾಸ್ ಸಿಲಿಂಡರಿಗೆ ಒರಗಿ ನೆಲದ ಮೇಲೆ ಕೂತೆ. ಆಗಲೇ ಭಾವ ಅಡುಗೆಮನೆಯ ಬಾಗಿಲಿಗೆ ಬಂದರು. ಗಿರಾಕಿಯೊಬ್ಬ ಇನ್ನೊಂದು ಪೀಸ್ ಕೇಳಿದ್ದನಂತೆ. ಪೀಸ್‌ಮೀಲ್ ಎಂದರೆ ಚೂರುಚೂರಾಗಿ ಅಂತ, ಆ ಶಬ್ದದಲ್ಲಿರುವ ಮೀಲಿಗೂ ನಮ್ಮ ಮೀಲಿಗೂ ಒಂದೇ ಬೇರು ಎಂಬ ಸಂತೋಷದ ಸುದ್ದಿ ಹೇಳಲು ಬಂದಿದ್ದರು! ಅರ್ಧ ಹೇಳಿ ನಿಲ್ಲಿಸಿದರು. ನಾನು ತೋರಿಸಿದ ಬೆಲ್ಲದ ಡಬ್ಬಿಯನ್ನು ಎತ್ತಿಕೊಟ್ಟು, ನನಗೆ ಉಸಿರು ಸರಿಯಾಗುವವರೆಗೆ ನಿಂತೇ ಇದ್ದರು.

"ತಂಗಿ, ನೀನು ಉಂಬುದು ಎಷ್ಟ್ ಹೊತ್ತಿಗೆ?"

ಇಷ್ಟು ವರ್ಷ ನನ್ನ ಕೈಯಲ್ಲಿ ಉಂಡವರು ಅದನ್ನು ಕೇಳಿದ್ದು ಅವತ್ತೇ ಮೊದಲು. ನನಗೆ ಮೈಯೆಲ್ಲ ಉರಿಯಿತು. "ನಾಲ್ಕಕ್ಕೆ, ಐದಕ್ಕೆ, ದೇವ್ರು ಕೊಟ್ಟಾಗ!" ಎಂದೆ.

"ಹಾಂಗಾದ್ರೆ ಅದು ಮೀಲ್ ಅಲ್ಲ" ಎಂದರು ಭಾವ.

ಸೌಟು ನೆಲದಲ್ಲಿ ದೂರ ಬಿದ್ದಿತ್ತು, ಅವರ ಪುಣ್ಯ!

"ಹಳೇ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಮೊದಲಿಗೆ ಇದ್ದ ಅರ್ಥ ಅಳತೆ, ಗೊತ್ತುಮಾಡಿದ ಹೊತ್ತು ಅಂತ. ಹೊತ್ತಿಗೆ ಸರಿಯಾಗಿ ಉಂಬುದಕ್ಕೇ ಆಮೇಲೆ ಆ ಹೆಸ್ರು ಬಂತು. ಹೊತ್ತು ತಪ್ಪಿ ಉಂಡದ್ದು ಬರೀ ಅನ್ನ" ಎಂದರು.

"ದಮ್ಮಯ್ಯ ಭಾವ, ಆಚೆಗೆ ಹೋಗಿ" ಎಂದೆ. ಹೋದರು. ನಾನು ಎದ್ದು ಸೌಟು ತೊಳೆದುಕೊಂಡೆ, ಆ ದಿನವೂ ಉಣ್ಣುವಾಗ ಸಂಜೆಯಾಗಿತ್ತು.

ಮರುದಿನ ಆಯ್ತವಾರ. ರಜೆಯ ದಿನಗಳು, ಮುರ್ಡೇಶ್ವರದ ತುಂಬ ಜನ. ಒಂದು ಗಂಟೆಯ ಹೊತ್ತಿಗೆ ಮೇಜುಗಳೆಲ್ಲ ಒಮ್ಮೆ ಖಾಲಿಯಾಗಿ, ಹೊರಗೆ ಎರಡು ಟೆಂಪೋ ಟ್ರಾವೆಲರ್ ಬಂದು ನಿಂತದ್ದು ಅಡುಗೆಮನೆಯ ಕಿಟಕಿಯಲ್ಲಿ ಕಾಣಿಸಿತು. ಅಷ್ಟರಲ್ಲಿ ಕರ್ರೋ ಎಂದು ಶಟರು ಎಳೆದ ಸದ್ದು. ಹೊರಗೆ ಬಂದು ನೋಡುತ್ತೇನೆ, ಭಾವ ಶಟರನ್ನು ಅರ್ಧಕ್ಕೆ ಇಳಿಸಿ, ಅದರ ಮುಂದೆ ಕೈಕಟ್ಟಿ ನಿಂತುಬಿಟ್ಟಿದ್ದಾರೆ!

"ಊಟ ಇಲ್ವಾ?" ಎಂದು ಬಗ್ಗಿ ಕೇಳಿದರು ಹೊರಗಿನವರು.

"ಇದೆ. ಅಡಿಗೆ ಮಾಡುವವರು ಈಗ ಉಣ್ತಾರೆ. ಅರ್ಧ ತಾಸು ಬಿಟ್ಟು ಬನ್ನಿ."

ಅಂಥ ಮಾತನ್ನು ಯಾವ ಹೋಟೆಲಿನಲ್ಲಾದರೂ ಕೇಳಿದ್ದೀರಾ? ಅವರೂ ಕೇಳಿರಲಿಲ್ಲ. ಒಂದು ಟೆಂಪೋ ತಿರುಗಿಸಿಕೊಂಡು ಹೋಯಿತು. ಗಂಡ ಗಲ್ಲಾ ಬಿಟ್ಟು ಹಾರಿ ಬಂದರು.

"ಅಣ್ಣ, ತಲೆ ಸರಿ ಇದ್ಯಾ ನಿಂಗೆ? ಸೀಸನ್ನಿನ ಆಯ್ತವಾರ ಇದು!"

"ನಿಂಗೆ ಹೆಂಡ್ತಿ ಬೇಕಾ, ಟೆಂಪೋ ಬೇಕಾ?" ಎಂದರು ಭಾವ. ಈ ಮನೆಯಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗಂಡ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, ವಾಪಸು ಹೋಗಿ ಗಲ್ಲಾದ ಮುಂದೆ ಕೂತರು.

ನಾನು ಬಿಡುವವಳೇ? "ಶಟರು ತೆಗೀರಿ ಭಾವ! ನಮ್ಮ ಹೊಟ್ಟೆ ಮೇಲೆ ಎಂತಕ್ಕೆ ಹೊಡೀತ್ರಿ? ನಿಮ್ಗೆ ಕೂತಲ್ಲಿಗೆ ತಟ್ಟೆ ಬರ್ತದೆ, ನಮ್ಮ ಕಷ್ಟ ಎಂತ ಗೊತ್ತು?" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ.

ಭಾವ ಶಟರು ಬಿಟ್ಟು ಕದಲಲಿಲ್ಲ. "ಗುಳಿಗೆ ನುಂಗಿ ಎಷ್ಟ್ ಹೊತ್ತಾತು?" ಎಂದು ಕೇಳಿದರು.

ಆಗಲೇ ನನ್ನ ಕೈ ನಡುಗುತ್ತಿತ್ತು. ಅದನ್ನು ಅವರು ನೋಡಿಬಿಟ್ಟಿದ್ದರು.

ಭಾವ ಫ್ಯಾನಿನ ಕೆಳಗಿನ ಮೇಜಿನ ಕುರ್ಚಿ ಎಳೆದು ತಮ್ಮ ಹೆಗಲ ಮೇಲಿನ ಟವೆಲಿನಿಂದ ಒರೆಸಿದರು. "ಕೂತ್ಕ ತಂಗಿ" ಎಂದರು. ಆಮೇಲೆ ಒಳಗೆ ಹೋಗಿ ತಟ್ಟೆ ತಂದರು. ಜನ್ಮದಲ್ಲಿ ಸೌಟು ಮುಟ್ಟಿದವರಲ್ಲ, ಅನ್ನ ಅರ್ಧ ತಟ್ಟೆಗೆ, ಅರ್ಧ ಮೇಜಿಗೆ ಬಿತ್ತು. ಸಾರು ನನ್ನ ಸೀರೆಗೂ ಒಂದಿಷ್ಟು ಬಂತು. ಗಿರಾಕಿಗೆಂದು ಎತ್ತಿಟ್ಟಿದ್ದ ಇಸ್ವಾಣದ ನಡುವಿನ ತುಂಡನ್ನೇ ಹುಡುಕಿ ತಂದು ಬಡಿಸಿದರು. ಇನ್ನು ಅನ್ನದ ಮೂಲ, ಮೀನಿನ ಮೂಲ ಎಲ್ಲ ಶುರುವಾಗುತ್ತದೆ ಎಂದು ಕಾದೆ. ಶುರುವಾಗಲಿಲ್ಲ. ನೀರಿನ ಜಗ್ಗು ಹಿಡಿದುಕೊಂಡು ಪಕ್ಕದಲ್ಲಿ ನಿಂತರು.

ನನ್ನ ಹೋಟೆಲಿನ ಕುರ್ಚಿಯಲ್ಲಿ ನಾನು ಉಣ್ಣಲು ಕೂತದ್ದು ಅದೇ ಮೊದಲ ಸಲ. ಅನ್ನಕ್ಕೆ ಕೈ ಹಾಕಿದೆ. ಬೆರಳು ಚುರ್ರೆಂದಿತು. ದಿನಾ ನಾನೇ ಬೇಯಿಸುವ ಅನ್ನ ತಟ್ಟೆಯಲ್ಲಿ ಇಷ್ಟು ಬಿಸಿ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಎಂಥ ಕೆಟ್ಟ ಅಳು ಬಂತು ಅಂತೀರಿ! ಅಳುತ್ತಲೇ ಉಂಡೆ, ಇನ್ನೊಮ್ಮೆ ಹಾಕಿಸಿಕೊಂಡು ಉಂಡೆ.